ಸಬ್ಜೆಕ್ಟ್ ಪಕ್ಕದ ಆ ಬೂದು ಸಾಲು: ಜಿಮೇಲ್, ಐಫೋನ್ ಮೇಲ್, ಔಟ್‌ಲುಕ್ ಎಲ್ಲಿ ಹೇಗಿದೆ

ಇನ್‌ಬಾಕ್ಸ್ ತೆರೆದರೆ ಮೊದಲು ಕಳಿಸಿದವರ ಹೆಸರು, ಆಮೇಲೆ ಸಬ್ಜೆಕ್ಟ್, ಅದರ ಪಕ್ಕದಲ್ಲೋ ಕೆಳಗೋ ಬೂದು ಬಣ್ಣದಲ್ಲಿ ಇನ್ನೊಂದು ಸಾಲು ಕಾಣುತ್ತಲ್ಲ, ಈ ರಿವ್ಯೂ ಆ ಸಾಲಿನದ್ದು. ಪ್ರಿವ್ಯೂ ಟೆಕ್ಸ್ಟ್ ಅಂತಾರೆ, ಮೇಲ್ ಕಳಿಸುವ ಕೆಲಸದವರು ಪ್ರಿಹೆಡರ್ ಅಂತಾರೆ, ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಅದರ ಹೆಸರು ಸ್ನಿಪೆಟ್. ಸಬ್ಜೆಕ್ಟ್ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ, ಈ ಸಾಲನ್ನು ಹೇಗೆ ಬಂದರೆ ಹಾಗೆ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಇಡೀ ಮೇಲ್‌ನಲ್ಲಿ ಅತಿ ಹೆಚ್ಚು ಜನ ಓದುವ ವಾಕ್ಯ ಇದೇ. ಮೇಲ್ ತೆರೆಯದವರೂ ಓದುತ್ತಾರೆ.

ನನಗೆ ಇದರಲ್ಲಿ ಎರಡು ಕಡೆಯ ಅನುಭವ ಇದೆ. ಎಲ್ಲರ ಹಾಗೆ ದಿನಾ ಮೇಲ್ ಬರುತ್ತದೆ. ಜೊತೆಗೆ ನಮ್ಮ ಓದುಗರ ಬಳಗದ ತಿಂಗಳ ಪತ್ರವನ್ನು ಕನ್ನಡದಲ್ಲಿ ಬರೆದು ಕಳಿಸುವವಳೂ ನಾನೇ. ಬಳಗದಲ್ಲಿ ಒಬ್ಬರು ಹಿರಿಯರಿದ್ದಾರೆ, ಬ್ಯಾಂಕಿನಿಂದ ನಿವೃತ್ತರಾದವರು. ಅವರು ಪತ್ರ ತೆರೆಯುವುದು ಅಪರೂಪ, ಆದರೆ ಸಭೆಗೆ ತಪ್ಪದೆ ಸರಿಯಾದ ಹೊತ್ತಿಗೆ ಬರುತ್ತಾರೆ. "ಸಾರ್, ಮೇಲ್ ನೋಡಿದ್ರಾ?" ಅಂತ ಕೇಳಿದರೆ, "ಒಳಗೆ ಹೋಗಿ ಯಾಕಮ್ಮ ನೋಡ್ಬೇಕು, ಹೊರಗೇ ಬರ್ದಿರ್ತೀಯಲ್ಲ, ಭಾನುವಾರ ಐದಕ್ಕೆ ಅಂತ" ಅಂದರು. ಮೇಲ್ ಕಳಿಸುವ ಸೇವೆಯ ಲೆಕ್ಕದಲ್ಲಿ ಅವರು ಪತ್ರ ಓದದವರ ಪಟ್ಟಿಗೆ ಸೇರುತ್ತಾರೆ. ನನ್ನ ಲೆಕ್ಕದಲ್ಲಿ ಅವರಷ್ಟು ಚೆನ್ನಾಗಿ ಪತ್ರ ಓದುವವರು ಇನ್ನೊಬ್ಬರಿಲ್ಲ. ಅಂದಹಾಗೆ ಎಷ್ಟು ಜನ ತೆರೆದರು ಅನ್ನುವ ಆ ಓಪನ್ ರೇಟ್ ಲೆಕ್ಕವನ್ನು ಈಗ ಹೆಚ್ಚು ನಂಬುವ ಹಾಗೂ ಇಲ್ಲ. ಮೇಲ್ ಒಳಗಿನ ಚಿತ್ರ ಲೋಡ್ ಆದರೆ ತೆರೆದರು ಅಂತ ಆ ಲೆಕ್ಕ. ಆದರೆ 2021ರಲ್ಲಿ ಐಫೋನ್‌ನ ಐಓಎಸ್ 15ರ ಜೊತೆ ಆಪಲ್ ತಂದ ಮೇಲ್ ಪ್ರೈವಸಿ ಪ್ರೊಟೆಕ್ಷನ್ ಆನ್ ಇದ್ದರೆ, ನಾವು ಮೇಲ್ ತೆರೆಯಲಿ ಬಿಡಲಿ, ಅದರೊಳಗಿನ ಚಿತ್ರಗಳು ಮೊದಲೇ ಲೋಡ್ ಆಗಿರುತ್ತವೆ. ಹಾಗಾಗಿ ತೆರೆಯದವರೂ ತೆರೆದವರ ಲೆಕ್ಕಕ್ಕೆ ಬಂದುಬಿಡುತ್ತಾರೆ.

ಈ ಸಾಲು ಎಲ್ಲಿಂದ ಬರುತ್ತದೆ ಅಂದರೆ, ಮೇಲ್‌ನ ಒಳಗಡೆಯ ಮೊದಲ ಅಕ್ಷರಗಳಿಂದ. ಆಪ್ ಮೇಲ್‌ನ ಮೊದಲಿನಿಂದ ಶುರು ಮಾಡಿ, ಜಾಗ ಇರುವಷ್ಟು ಅಕ್ಷರ ಎತ್ತಿಕೊಂಡು ಬಂದು ಇಲ್ಲಿ ತೋರಿಸುತ್ತದೆ. ಅದಕ್ಕೆ ಯಾವುದು ಮುಖ್ಯ, ಯಾವುದು ಅಲ್ಲ ಅನ್ನುವುದು ಗೊತ್ತಿಲ್ಲ. ಬಹಳಷ್ಟು ಕಂಪನಿ ಮೇಲ್‌ಗಳಲ್ಲಿ ಎಲ್ಲಕ್ಕಿಂತ ಮೇಲೆ ಇರುವುದು "ಈ ಮೇಲ್ ಸರಿಯಾಗಿ ಕಾಣುತ್ತಿಲ್ಲವೇ? ಬ್ರೌಸರ್‌ನಲ್ಲಿ ನೋಡಿ" ಅನ್ನುವ ಲಿಂಕ್, ಇಲ್ಲಾ ಲೋಗೋದ ಆಲ್ಟ್ ಟೆಕ್ಸ್ಟ್, ಅಂದರೆ ಚಿತ್ರ ಕಾಣದಿದ್ದಾಗ ಅದರ ಬದಲು ತೋರಿಸುವ ಬರಹ. ಹೋದ ಗೌರಿ ಹಬ್ಬದ ಹೊತ್ತಿಗೆ ಒಂದು ಸೀರೆ ಅಂಗಡಿಯಿಂದ ಮೇಲ್ ಬಂತು. ಸಬ್ಜೆಕ್ಟ್‌ನಲ್ಲಿ "ಹಬ್ಬಕ್ಕೆ ಹೊಸ ಇಳಕಲ್ ಸೀರೆಗಳು". ಪಕ್ಕದಲ್ಲಿ "ಲೋಗೋ ಫೈನಲ್ 2 ಬ್ರೌಸರ್‌ನಲ್ಲಿ ನೋಡಿ ಅನ್‌ಸಬ್‌ಸ್ಕ್ರೈಬ್". ಒಳಗೆ ಹೋದರೆ ನಿಜಕ್ಕೂ ಚೆಂದದ ಸೀರೆಗಳು, ಬೆಲೆ ಎಷ್ಟು, ಯಾವ ಊರಿನ ಮಗ್ಗದ್ದು ಅಂತೆಲ್ಲ ಬರೆದಿದ್ದರು. ಇಳಕಲ್‌ನ ಟೋಪ್ ತೆನೆ ಸೆರಗು ಅಂತ ಒಂದು ಮಾತು ಆ ಸಾಲಿನಲ್ಲಿ ಇದ್ದಿದ್ದರೆ ಎಷ್ಟು ಜನ ಒತ್ತಿ ನೋಡುತ್ತಿದ್ದರೋ!

ಇದಕ್ಕೆ ಪರಿಹಾರವಾಗಿ ಹುಟ್ಟಿದ್ದೇ ಅಡಗಿಸಿಟ್ಟ ಪ್ರಿವ್ಯೂ ಸಾಲು. ಮೇಲ್‌ನ ಎಚ್‌ಟಿಎಂಎಲ್‌ನಲ್ಲಿ, ಅಂದರೆ ಅದರ ಹಿಂದಿನ ಕೋಡ್‌ನಲ್ಲಿ, ಎಲ್ಲಕ್ಕಿಂತ ಮೇಲೆ, ಕಣ್ಣಿಗೆ ಕಾಣದ ಒಂದು ಪುಟ್ಟ ಭಾಗ ಇಡುತ್ತಾರೆ. ಅಕ್ಷರದ ಗಾತ್ರ ಒಂದು ಪಿಕ್ಸೆಲ್, ಎತ್ತರ ಸೊನ್ನೆ, ಪಾರದರ್ಶಕ, ಜೊತೆಗೆ ತೋರಿಸಬೇಡ ಅನ್ನುವ ಸೂಚನೆ. ಔಟ್‌ಲುಕ್‌ಗೆ ಮಾತ್ರ ಬೇರೆಯದೇ ಸೂಚನೆ ಸೇರಿಸಬೇಕು, ಯಾಕೆಂದರೆ ವಿಂಡೋಸ್‌ನ ಹಳೇ ಔಟ್‌ಲುಕ್ 2007ರಿಂದ ಮೇಲ್‌ಗಳನ್ನು ತೋರಿಸಲು ಬಳಸುತ್ತಿರುವುದು ವರ್ಡ್‌ನ ಎಂಜಿನ್ನನ್ನು, ಬ್ರೌಸರ್‌ನದ್ದನ್ನಲ್ಲ. ಮೇಲ್ ತೆರೆದಾಗ ಈ ವಾಕ್ಯ ಕಾಣುವುದಿಲ್ಲ, ಇನ್‌ಬಾಕ್ಸ್ ಪಟ್ಟಿಯಲ್ಲಿ ಮಾತ್ರ ಕಾಣುತ್ತದೆ.

ಅಷ್ಟಕ್ಕೇ ಮುಗಿಯಲ್ಲ. ನೀವು ಅಡಗಿಸಿಟ್ಟ ವಾಕ್ಯ ಚಿಕ್ಕದಾಗಿದ್ದರೆ, ಉಳಿದ ಜಾಗಕ್ಕೆ ಆಪ್ ಮತ್ತೆ ಮೇಲ್‌ನ ಒಳಗಿನಿಂದಲೇ ತುಂಬಿಸುತ್ತದೆ. "ಸಭೆ ಐದಕ್ಕೆ" ಅಂತ ಬರೆದರೆ "ಸಭೆ ಐದಕ್ಕೆ ಬ್ರೌಸರ್‌ನಲ್ಲಿ ನೋಡಿ" ಅಂತ ಕಾಣುತ್ತದೆ. ಅದಕ್ಕೇ ಆ ವಾಕ್ಯದ ಹಿಂದೆ ಕಾಣದ ಅಕ್ಷರಗಳ ಒಂದು ಉದ್ದದ ಸರ ಕಟ್ಟುತ್ತಾರೆ. ಖಾಲಿ ಜಾಗ, ಸಾಫ್ಟ್ ಹೈಫನ್, ಮತ್ತೆ ಝೀರೋ ವಿಡ್ತ್ ನಾನ್ ಜಾಯ್ನರ್ ಅನ್ನುವ ಅಗಲವೇ ಇಲ್ಲದ ಅಕ್ಷರ, ಇವನ್ನೇ ತಿರುಗಿ ತಿರುಗಿ ಹಾಕುತ್ತಾರೆ. ಒಳಗಿನ ಕಸ ಇದರ ಆಚೆಗೆ ತಳ್ಳಿಹೋಗುತ್ತದೆ. ದೊಡ್ಡ ದೊಡ್ಡ ಕಂಪನಿಗಳೂ ಇದನ್ನೇ ಮಾಡುತ್ತವೆ. ಪತ್ರ ಬರೆದು ಕಳಿಸುವ ಸೇವೆಯಾದ ಸಬ್‌ಸ್ಟ್ಯಾಕ್‌ನಿಂದ ಬಂದ ಯಾವುದಾದರೂ ಪತ್ರವನ್ನು, ಮೇಲ್‌ನ ಮೂಲ ಕೋಡ್ ತೋರಿಸುವ ಜಿಮೇಲ್‌ನ ಶೋ ಒರಿಜಿನಲ್‌ನಲ್ಲಿ ತೆರೆದು ನೋಡಿ, ಇಂಥದ್ದೇ ಒಂದು ಸರ ಅಲ್ಲಿ ಇರುತ್ತದೆ.

ಈ ಝೀರೋ ವಿಡ್ತ್ ನಾನ್ ಜಾಯ್ನರ್ ಕನ್ನಡ ಟೈಪ್ ಮಾಡುವವರಿಗೆ ಹಳೇ ಪರಿಚಯ. ರಾಜ್‌ಕುಮಾರ್ ಅಂತ ಬರೆಯಬೇಕು, ನಡುವೆ ಅದು ಇಲ್ಲದಿದ್ದರೆ ರಾಜ್ಕುಮಾರ್ ಆಗಿಬಿಡುತ್ತದೆ, ಜ ಕೆಳಗೆ ಕ ಒತ್ತು ಬಂದು ಕೂರುತ್ತದೆ. ಒತ್ತಕ್ಷರ ಆಗಬೇಡ ಅಂತ ಹೇಳುವುದಕ್ಕೆ ನಮಗೆ ಅದು ಬೇಕೇ ಬೇಕು. ನಾವು ಅಕ್ಷರ ಬಿಡಿಸಲು ಇಟ್ಟುಕೊಂಡಿರುವುದನ್ನು ಮಾರ್ಕೆಟಿಂಗ್‌ನವರು ಜಾಗ ತುಂಬಿಸಲು ಹಿಡಿದಿದ್ದಾರೆ. ನನಗೆ ಇಲ್ಲಿ ಒಂದು ಆತಂಕ ಇದೆ. ಇಂಥ ಕಾಣದ ಅಕ್ಷರ ಕಂಡರೆ ಸಾಕು, ಎಲ್ಲವನ್ನೂ ಒಟ್ಟಿಗೆ ಕಿತ್ತುಹಾಕುವ ಫಿಲ್ಟರ್ ಬರೆಯುವವರು ಇದ್ದೇ ಇರುತ್ತಾರೆ. ಹಾಗೆ ಮಾಡಿದರೆ ಕನ್ನಡ ಹೆಸರುಗಳು ಕೆಡುತ್ತವೆ. ಅಂಥ ಫಿಲ್ಟರ್ ಬರೆಯುವವರಲ್ಲಿ ಬೆಂಗಳೂರಿನವರೂ ಇರಬಹುದು, ದಯವಿಟ್ಟು ಇದನ್ನು ನೆನಪಿಡಿ.

ಈಗ ಆಪ್‌ಗಳಿಗೆ ಬರೋಣ.

ಐಫೋನ್ ಮೇಲ್‌ಗೆ ನಾನು ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಕಾರಣ ಒಂದೇ, ಎಷ್ಟು ಸಾಲು ಬೇಕು ಅನ್ನುವುದನ್ನು ಓದುವವರಿಗೆ ಬಿಟ್ಟಿದೆ. ಸೆಟ್ಟಿಂಗ್ಸ್‌ನಲ್ಲಿ ಆಪ್ಸ್, ಅದರೊಳಗೆ ಮೇಲ್, ಅದರೊಳಗೆ ಪ್ರಿವ್ಯೂ. ಬೇಡವೇ ಬೇಡ ಅನ್ನುವುದರಿಂದ ಹಿಡಿದು ಐದು ಸಾಲಿನವರೆಗೆ ಆರಿಸಿಕೊಳ್ಳಬಹುದು, ಮೊದಲೇ ಇಟ್ಟಿರುವುದು ಎರಡು. ನಾನು ಮೂರು ಇಟ್ಟುಕೊಂಡಿದ್ದೇನೆ. ಮೂರು ಸಾಲಿಗೆ ಕನ್ನಡದ ಒಂದು ಪೂರ್ತಿ ವಾಕ್ಯ ಆರಾಮಾಗಿ ಹಿಡಿಯುತ್ತದೆ. ಐದು ಇಟ್ಟರೆ ಒಂದು ಪರದೆಗೆ ಬೆರಳೆಣಿಕೆಯ ಮೇಲ್ ಮಾತ್ರ ಕಾಣುತ್ತವೆ, ಬಹಳ ಮೇಲ್ ಬರುವವರಿಗೆ ಅದು ಸರಿಹೋಗಲ್ಲ. ಆದರೆ ಕಣ್ಣು ಮಂಜಾದವರು ಪರದೆ ಓದಿ ಹೇಳುವ ವಾಯ್ಸ್‌ಓವರ್ ಹಾಕಿಕೊಂಡು ಪಟ್ಟಿ ಕೇಳಿಸಿಕೊಳ್ಳುವಾಗ ಈ ಪ್ರಿವ್ಯೂ ಕೂಡ ಓದುತ್ತದೆ, ಅವರಿಗೆ ಜಾಸ್ತಿ ಸಾಲಿನಿಂದ ನಿಜವಾದ ಅನುಕೂಲ.

ಜಿಮೇಲ್‌ಗೆ ಮೂರೂವರೆ. ಕಂಪ್ಯೂಟರ್‌ನಲ್ಲಿ ಸಬ್ಜೆಕ್ಟ್ ಮತ್ತು ಸ್ನಿಪೆಟ್ ಎರಡೂ ಒಂದೇ ಸಾಲು ಹಂಚಿಕೊಳ್ಳುತ್ತವೆ, ನಡುವೆ ಒಂದು ಸಣ್ಣ ಗೆರೆ. ಸಬ್ಜೆಕ್ಟ್ ಉದ್ದವಾದಷ್ಟೂ ಸ್ನಿಪೆಟ್‌ಗೆ ಜಾಗ ಕಮ್ಮಿ. ಇದು ಒಳ್ಳೆಯದೇ ಅಂತ ನನಗೆ ಅನ್ನಿಸಿದೆ, ಸಬ್ಜೆಕ್ಟ್ ಚಿಕ್ಕದಾಗಿ ಬರೆದವರಿಗೆ ಜಾಗ ಹೆಚ್ಚು ಸಿಗುತ್ತದೆ. ಫೋನ್ ಆಪ್‌ನಲ್ಲಿ ಸ್ನಿಪೆಟ್ ಬೇರೆ ಸಾಲಿಗೆ ಇಳಿಯುತ್ತದೆ, ಆದರೆ ಆ ಒಂದು ಸಾಲು ಫೋನ್‌ನ ಅಗಲಕ್ಕೆ ಬೇಗ ಮುಗಿಯುತ್ತದೆ. ಮಾತುಕತೆಯ ಸರಣಿ ಇದ್ದರೆ ಕೊನೆಯ ಉತ್ತರದ ಮೊದಲ ಮಾತು ತೋರಿಸುತ್ತದೆ, ಇದು ಬಹಳ ಉಪಯೋಗ. "ಆಯ್ತು, ಬರ್ತೀನಿ" ಅಂತ ಯಾರಾದರೂ ಉತ್ತರಿಸಿದ್ದರೆ ತೆರೆಯುವ ಕೆಲಸವೇ ಇಲ್ಲ. ಸ್ನಿಪೆಟ್ ಬೇಡ ಅಂದರೆ ಕಂಪ್ಯೂಟರ್‌ನಲ್ಲಿ ಸೆಟ್ಟಿಂಗ್ಸ್‌ನ ಜನರಲ್ ಪುಟದಲ್ಲಿ ನೋ ಸ್ನಿಪೆಟ್ಸ್ ಅಂತ ಇದೆ. ಇರಲಿ ಅಥವಾ ಬೇಡ, ಅಷ್ಟೇ. ಎಷ್ಟು ಸಾಲು ಅಂತ ಕೇಳುವುದಿಲ್ಲ, ಒಂದೂವರೆ ಕಡಿಮೆಯಾಗಿದ್ದು ಅದಕ್ಕೆ.

ಔಟ್‌ಲುಕ್‌ಗೆ ಮೂರು. ವ್ಯೂ ಮೆನುವಿನಲ್ಲಿ ಮೆಸೇಜ್ ಪ್ರಿವ್ಯೂ ಅಂತ ಇದೆ, ಆಫ್, ಒಂದು, ಎರಡು, ಮೂರು ಸಾಲು. ಎಲ್ಲ ಫೋಲ್ಡರ್‌ಗೂ ಬೇಕಾ, ಈ ಫೋಲ್ಡರ್‌ಗೆ ಮಾತ್ರಾನಾ ಅಂತಲೂ ಕೇಳುತ್ತದೆ. ಆಫೀಸಿನಲ್ಲಿ ಒಂದೊಂದು ಪ್ರಾಜೆಕ್ಟ್‌ಗೆ ಒಂದೊಂದು ಫೋಲ್ಡರ್ ಇಟ್ಟುಕೊಂಡವರಿಗೆ ಇದು ಬಹಳ ಚೆನ್ನಾಗಿದೆ. ಆದರೆ ಹಳೇ ಔಟ್‌ಲುಕ್‌ಗಾಗಿ ಮೇಲ್ ಬರೆಯುವವರು ಪಡುವ ಪಾಡಿಗೆ ಅಂಕ ಕಳೆಯಲೇಬೇಕು. ವರ್ಡ್ ಎಂಜಿನ್ ಎಲ್ಲ ಸೂಚನೆಗಳನ್ನೂ ಪಾಲಿಸುವುದಿಲ್ಲ, ಅಡಗಿಸಿಟ್ಟ ಸಾಲು ಮೇಲ್‌ನ ನೆತ್ತಿಯ ಮೇಲೆ ಬಂದು ಕೂರುವ ಅಪಾಯ ಇಲ್ಲೇ ಜಾಸ್ತಿ. ಫಾರ್ವರ್ಡ್ ಮಾಡಿದಾಗಲೂ ಕೆಲವೊಮ್ಮೆ ಹೀಗೆ ಹೊರಗೆ ಬರುತ್ತದೆ. ಹಾಗಾಗಿ ಅಡಗಿದ ಸಾಲಿನಲ್ಲಿ ಏನು ಬರೆದರೂ, ಎಲ್ಲರ ಎದುರು ಕಾಣಿಸಿಕೊಂಡರೂ ಮುಜುಗರ ಆಗದಂಥದ್ದನ್ನೇ ಬರೆಯಬೇಕು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ವಿಷಯ, ನನಗೆ ಇದೇ ಅತಿ ಮುಖ್ಯ. ಪ್ರಿವ್ಯೂ 40ರಿಂದ 130 ಅಕ್ಷರ ಇರಲಿ ಅಂತ ಎಲ್ಲ ಕಡೆ ಸಲಹೆ ಕೊಡುತ್ತಾರೆ. ಅದು ಇಂಗ್ಲಿಷ್ ಲೆಕ್ಕ. ನಮ್ಮಲ್ಲಿ ಸ್ತ್ರೀ ಅಂದರೆ ಬಾಯಲ್ಲಿ ಒಂದೇ ಅಕ್ಷರ, ಕಣ್ಣಿಗೂ ಒಂದೇ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್‌ನಲ್ಲಿ ಅದು ಆರು: ಸ, ವಿರಾಮ ಅನ್ನುವ ಹಲಂತ ಗುರುತು, ತ, ವಿರಾಮ, ರ, ದೀರ್ಘದ ಈ ಗುರುತು. ಕರ್ನಾಟಕ ಅನ್ನುವುದು ನಾಲ್ಕು ಅಕ್ಷರ, ಎಣಿಸುವ ಪೆಟ್ಟಿಗೆಗೆ ಏಳು. ಹಾಗಾಗಿ ಮೇಲ್ ಕಳಿಸುವ ಸೇವೆಯ ಪೆಟ್ಟಿಗೆಯಲ್ಲಿ ಕೌಂಟರ್ ನೂರು ತೋರಿಸುವ ಹೊತ್ತಿಗೆ ನೀವು ನಿಜವಾಗಿ ಬರೆದಿರುವುದು ಅದಕ್ಕಿಂತ ಎಷ್ಟೋ ಕಡಿಮೆ. ಇನ್ನೊಂದು ಕಡೆ ನಮ್ಮ ಅಕ್ಷರಗಳು ಅಗಲ, ಇಂಗ್ಲಿಷ್‌ನ ಐ, ಎಲ್ ಥರ ಸಣಕಲು ಅಕ್ಷರ ನಮ್ಮಲ್ಲಿ ಇಲ್ಲ. ಕೌಂಟರ್ ಇನ್ನೂ ಜಾಗ ಇದೆ ಅಂದರೂ ಫೋನ್ ಪರದೆ ಮುಗಿದಿರುತ್ತದೆ. ಎರಡೂ ಕಡೆಯಿಂದ ನಮಗೆ ಕೊರತೆ.

ಹಳೇ ಸಾಫ್ಟ್‌ವೇರ್‌ಗಳಲ್ಲಿ ಇನ್ನೂ ಕೆಟ್ಟದ್ದು ಆಗುತ್ತದೆ. ಕನ್ನಡದ ಒಂದೊಂದು ಯೂನಿಕೋಡ್ ಅಕ್ಷರಕ್ಕೂ ಅಕ್ಷರಗಳನ್ನು ಕಂಪ್ಯೂಟರ್‌ನಲ್ಲಿ ಕೂಡಿಡುವ ಯುಟಿಎಫ್-8 ವಿಧಾನದಲ್ಲಿ ಮೂರು ಬೈಟ್ ಬೇಕು, ಸ್ತ್ರೀ ಒಂದಕ್ಕೇ 18. ಅಕ್ಷರ ನೋಡದೆ ಬೈಟ್ ಎಣಿಸಿ ಕತ್ತರಿಸುವ ಪ್ರೋಗ್ರಾಂ ಆದರೆ ಒಂದು ಅಕ್ಷರದ ನಡುವೆಯೇ ಕತ್ತರಿ ಬಿದ್ದು, ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆಯ ಡಬ್ಬಿ ಉಳಿಯುತ್ತದೆ. ಮೇಲೆ ಹೇಳಿದ ಮೂರು ಆಪ್‌ಗಳ ಮಾತಲ್ಲ ಇದು, ಸಣ್ಣ ಪುಟ್ಟ ಆಫೀಸ್ ಸಾಫ್ಟ್‌ವೇರ್‌ಗಳ ಮಾತು. ಜಿಮೇಲ್ 102 ಕೆಬಿ ದಾಟಿದ ಮೇಲ್‌ನ ಬಾಲ ಕತ್ತರಿಸುತ್ತದೆ ಅನ್ನುವುದು ಮೇಲ್ ಕಳಿಸುವವರಿಗೆಲ್ಲ ಗೊತ್ತು. ಆ ಮಿತಿಯನ್ನು ಕನ್ನಡ ಪತ್ರ ಇಂಗ್ಲಿಷ್ ಪತ್ರಕ್ಕಿಂತ ಬೇಗ ಮುಟ್ಟುತ್ತದೆ, ಕಾರಣ ಇದೇ ಮೂರು ಬೈಟ್.

ಆದ್ದರಿಂದ ನಾನು ಮಾಡುವುದು ಇಷ್ಟು. ಮುಖ್ಯವಾದ ಮಾತನ್ನು ಮೊದಲ ನಾಲ್ಕೈದು ಪದದಲ್ಲೇ ಮುಗಿಸುತ್ತೇನೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಉದ್ದ ವಾಕ್ಯ ಕತ್ತರಿಸಿಹೋದರೆ ಅರ್ಥವೇ ಹೋಗುತ್ತದೆ. "ಈ ತಿಂಗಳ ಕೊನೆಯ ಭಾನುವಾರ ನಡೆಯಬೇಕಿದ್ದ ನಮ್ಮ ಸಭೆಯನ್ನು ಮಳೆಯ ಕಾರಣ" ಅಂತ ನಿಂತುಬಿಟ್ಟರೆ ಸಭೆ ಇದೆಯಾ, ಇಲ್ವಾ? ಅದರ ಬದಲು "ಸಭೆ ಮುಂದಕ್ಕೆ ಹೋಗಿದೆ. ಹೊಸ ದಿನ ಜುಲೈ 12" ಅಂತ ಬರೆದರೆ ಎಲ್ಲಿ ಕತ್ತರಿಸಿದರೂ ತಿಳಿಯುತ್ತದೆ. ಸಬ್ಜೆಕ್ಟ್‌ನಲ್ಲಿ ಇರುವುದನ್ನೇ ಇಲ್ಲಿ ಮತ್ತೆ ಬರೆಯುವುದಿಲ್ಲ. ಮಾಮೂಲಿ ಜಿಮೇಲ್‌ನಲ್ಲಿ ನಾವು ನೀವು ಬರೆಯುವ ಮೇಲ್‌ಗೆ ಪ್ರಿವ್ಯೂ ಪೆಟ್ಟಿಗೆಯೇ ಇಲ್ಲ, ನಮ್ಮ ಮೊದಲ ವಾಕ್ಯವೇ ಅದು. "ಮಾನ್ಯರೇ, ತಾವು ಕ್ಷೇಮವಾಗಿದ್ದೀರೆಂದು ನಂಬಿರುತ್ತೇನೆ" ಅಂತ ಶುರು ಮಾಡಿದರೆ ಇನ್‌ಬಾಕ್ಸ್‌ನಲ್ಲಿ ಕಾಣುವುದು ಅಷ್ಟೇ. ಕೆಲಸಕ್ಕೆ ಅರ್ಜಿ ಹಾಕುವ ಹುಡುಗರು ಹುಡುಗಿಯರು ಇದನ್ನು ಗಮನಿಸಿ. ನಮಸ್ಕಾರ ಹೇಳಿ, ಮುಂದಿನ ಮಾತಲ್ಲೇ ಯಾವ ಕೆಲಸ, ಎಷ್ಟು ವರ್ಷದ ಅನುಭವ ಅಂತ ಬರಲಿ. ಕ್ಷೇಮ ಸಮಾಚಾರ ಕೊನೆಗೂ ಕೇಳಬಹುದು.

ಕಳಿಸುವ ಸೇವೆಗಳ ಬಗ್ಗೆ ಚಿಕ್ಕದಾಗಿ. ಮೇಲ್‌ಚಿಂಪ್‌ನಲ್ಲಿ ಸಬ್ಜೆಕ್ಟ್ ಜೊತೆಗೇ ಪ್ರಿವ್ಯೂ ಟೆಕ್ಸ್ಟ್ ಅಂತ ಪೆಟ್ಟಿಗೆ ಇದೆ, ಅಡಗಿಸುವ ಕೋಡ್ ಎಲ್ಲ ಅದೇ ಹಾಕುತ್ತದೆ. ಖಾಲಿ ಬಿಟ್ಟರೆ ಮೇಲ್‌ನ ಮೊದಲ ಸಾಲು ಹೋಗುತ್ತದೆ. ಅದರ ಎಷ್ಟೋ ಟೆಂಪ್ಲೇಟ್‌ಗಳಲ್ಲಿ ಆ ಮೊದಲ ಸಾಲು ಬ್ರೌಸರ್‌ನಲ್ಲಿ ನೋಡಿ ಅನ್ನುವುದೇ ಆಗಿರುತ್ತದೆ. ಸಬ್‌ಸ್ಟ್ಯಾಕ್‌ನಲ್ಲಿ ನೀವು ಕೊಟ್ಟ ಉಪಶೀರ್ಷಿಕೆಯೇ ಪ್ರಿವ್ಯೂ ಆಗುತ್ತದೆ, ಬರೆಯುವವರಿಗೆ ಇದು ಸುಲಭ, ಬೇರೆ ಪೆಟ್ಟಿಗೆ ಹುಡುಕಬೇಕಿಲ್ಲ. ಹೊಸಬರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ.

ಈಗ ನನಗೆ ಸಿಟ್ಟು ಬರುವ ವಿಷಯ. ಅಡಗಿದ ಸಾಲು ಅಂದಮೇಲೆ, ಅಲ್ಲಿ ಬರೆದದ್ದಕ್ಕೂ ಮೇಲ್‌ನಲ್ಲಿ ಇರುವುದಕ್ಕೂ ಸಂಬಂಧ ಇರಲೇಬೇಕು ಅಂತ ಯಾರೂ ಕೇಳುವುದಿಲ್ಲ. ಒಂದು ಸಾಲದ ಕಂಪನಿಯಿಂದ ಬಂದ ಮೇಲ್‌ನ ಪ್ರಿವ್ಯೂನಲ್ಲಿ "ನಿಮ್ಮ ಖಾತೆಗೆ ಹಣ ಜಮಾ ಆಗಿದೆ" ಅಂತ ಇತ್ತು. ತೆರೆದರೆ ಅಂಥ ಮಾತೇ ಇಲ್ಲ, ಒಳಗೆ ಇದ್ದದ್ದು ಪರ್ಸನಲ್ ಲೋನ್ ಜಾಹೀರಾತು. ಪ್ರಿವ್ಯೂ ಸಾಲು ಮೇಲ್ ಒಳಗೆ ಕಾಣುವುದಿಲ್ಲ ಅನ್ನುವ ಒಂದೇ ಧೈರ್ಯದ ಮೇಲೆ ಬರೆದ ಸುಳ್ಳು ಅದು. ಪೆನ್ಶನ್ ಬಂತಾ ಅಂತ ಕಾಯುತ್ತಿರುವ ನಮ್ಮ ಹಿರಿಯರು ಅಂಥದ್ದನ್ನು ನೋಡಿದರೆ ಏನು ಮಾಡುತ್ತಾರೆ, ಯೋಚಿಸಿ. ನಾನು ಅದನ್ನು ಸ್ಪ್ಯಾಮ್ ಅಂತ ಗುರುತು ಮಾಡಿದೆ, ಅನ್‌ಸಬ್‌ಸ್ಕ್ರೈಬ್ ಅಲ್ಲ. ನೀವೂ ಹಾಗೇ ಮಾಡಿ, ಜಾಸ್ತಿ ಜನ ಸ್ಪ್ಯಾಮ್ ಅಂತ ಗುರುತಿಸಿದರೆ ಅವರ ಮುಂದಿನ ಮೇಲ್‌ಗಳು ಇನ್‌ಬಾಕ್ಸ್ ತಲುಪುವುದೇ ಕಷ್ಟವಾಗುತ್ತದೆ.

ಕಾಣದ ಅಕ್ಷರದ ಮೋಸ ಹೊಸದೇನಲ್ಲ. 2000ದ ದಶಕದಲ್ಲೇ ಸ್ಪ್ಯಾಮ್ ಕಳಿಸುವವರು ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಸಂಬಂಧವಿಲ್ಲದ ಪದಗಳನ್ನು ತುಂಬಿ ಫಿಲ್ಟರ್‌ಗಳ ಕಣ್ಣು ತಪ್ಪಿಸುತ್ತಿದ್ದರು. ಈಗ ಎಐ ಬಂದ ಮೇಲೆ ಅದೇ ವಿದ್ಯೆ ಬೇರೆ ಕಡೆ ತಿರುಗಿದೆ. 2025ರ ಜುಲೈನಲ್ಲಿ ಮೊಜಿಲ್ಲಾದ 0DIN ಅನ್ನುವ ಭದ್ರತಾ ಕಾರ್ಯಕ್ರಮದ ಮೂಲಕ ಒಂದು ವರದಿ ಬಂತು. ಮೇಲ್ ಒಳಗೆ ಬಿಳಿ ಅಕ್ಷರದಲ್ಲಿ, ಗಾತ್ರ ಸೊನ್ನೆ ಮಾಡಿ, ಒಂದು ಆದೇಶ ಅಡಗಿಸಿಟ್ಟರೆ, ಈ ಮೇಲ್‌ನ ಸಾರಾಂಶ ಕೊಡು ಅಂದಾಗ ಜಿಮೇಲ್‌ನ ಎಐ ಸಹಾಯಕ ಜೆಮಿನಿ ಆ ಆದೇಶವನ್ನೂ ಪಾಲಿಸಿ, ನಿಮ್ಮ ಪಾಸ್‌ವರ್ಡ್ ಕಳುವಾಗಿದೆ, ಈ ನಂಬರಿಗೆ ಕರೆ ಮಾಡಿ ಅಂತ ಎಚ್ಚರಿಕೆ ತೋರಿಸುತ್ತಿತ್ತು. ನಮಗೆ ಕಾಣದ್ದು ಯಂತ್ರಕ್ಕೆ ಕಾಣುತ್ತದೆ, ಅಷ್ಟೇ ವಿಷಯ. ಇದನ್ನು ಬಳಸಿ ನಿಜವಾಗಿ ಮೋಸ ನಡೆದ ಪುರಾವೆ ತನಗೆ ಕಂಡಿಲ್ಲ ಅಂತ ಗೂಗಲ್ ಆಗ ಹೇಳಿತ್ತು. ಆದರೂ ಸಾರಾಂಶದೊಳಗೆ ಫೋನ್ ನಂಬರ್ ಕಂಡರೆ ಕರೆ ಮಾಡಬೇಡಿ, ನಿಮ್ಮ ಮನೆಯ ಹಿರಿಯರಿಗೂ ಹೇಳಿಡಿ.

ಐಫೋನ್‌ನಲ್ಲೂ ಸಾರಾಂಶ ಬಂದಿದೆ. 2024ರ ಅಕ್ಟೋಬರ್‌ನಲ್ಲಿ ಬಂದ ಐಓಎಸ್ 18.1ರಿಂದ, ಆಪಲ್ ಇಂಟೆಲಿಜೆನ್ಸ್ ಅನ್ನುವ ಎಐ ಸೌಲಭ್ಯ ಇರುವ ಫೋನ್‌ಗಳಲ್ಲಿ, ಪ್ರಿವ್ಯೂ ಸಾಲಿನ ಜಾಗದಲ್ಲಿ ಯಂತ್ರ ಬರೆದ ಸಾರಾಂಶ ಕಾಣಬಹುದು. ಐಫೋನ್ ಮೇಲ್‌ಗೆ ಐದರಲ್ಲಿ ಅರ್ಧ ಅಂಕ ಕಳೆದಿದ್ದು ಇದಕ್ಕೇ. ಬ್ರೌಸರ್‌ನಲ್ಲಿ ನೋಡಿ ಅನ್ನುವ ಕಸಕ್ಕಿಂತ ಸಾರಾಂಶ ಮೇಲು, ಒಪ್ಪುತ್ತೇನೆ. ಆದರೆ ಬರೆಯುವವರು ಮನಸ್ಸಿಟ್ಟು ಬರೆದ ಒಂದು ಸಾಲು ಇದ್ದಾಗ ಅದನ್ನು ಪಕ್ಕಕ್ಕೆ ಸರಿಸುವುದು ನನಗೆ ಸರಿ ಕಾಣಲ್ಲ. ಆಪಲ್ ಇಂಟೆಲಿಜೆನ್ಸ್ ತಿಳಿಯುವ ಭಾಷೆಗಳ ಪಟ್ಟಿಯಲ್ಲಿ, ನಾನು ಇದನ್ನು ಬರೆಯುವ ಹೊತ್ತಿಗೆ, ಕನ್ನಡ ಇಲ್ಲ. ಬೇಡದವರು ಸೆಟ್ಟಿಂಗ್ಸ್‌ನಲ್ಲಿ ಆಪ್ಸ್, ಅದರಲ್ಲಿ ಮೇಲ್ ಒಳಗೆ ಹೋಗಿ ಸಾರಾಂಶ ಆಫ್ ಮಾಡಬಹುದು, ಹಳೇ ಪ್ರಿವ್ಯೂ ವಾಪಸ್ ಬರುತ್ತದೆ.

ಇನ್ನೊಂದು ಕೆಲಸ ಇವತ್ತೇ ಮಾಡಿ. ಇದೇ ಪ್ರಿವ್ಯೂ ಸಾಲು ಫೋನ್‌ನ ಲಾಕ್ ಸ್ಕ್ರೀನ್ ಮೇಲೂ ಬರುತ್ತದೆ. ಓಟಿಪಿ ಮೇಲ್‌ಗಳಲ್ಲಿ ಮೊದಲ ಸಾಲಲ್ಲೇ ನಂಬರ್ ಇಟ್ಟಿರುತ್ತಾರೆ, ಆಸ್ಪತ್ರೆಯ ಲ್ಯಾಬ್ ರಿಪೋರ್ಟ್ ಮೇಲ್‌ಗಳಲ್ಲಿ ಯಾವ ಪರೀಕ್ಷೆ ಅಂತ ಇರುತ್ತದೆ. ಫೋನ್ ಮೇಜಿನ ಮೇಲಿದ್ದರೆ ಪಕ್ಕದವರಿಗೆಲ್ಲ ಕಾಣುತ್ತದೆ, ಅಲ್ವಾ? ಐಫೋನ್‌ನಲ್ಲಿ ನೋಟಿಫಿಕೇಷನ್ಸ್ ಒಳಗೆ ಶೋ ಪ್ರಿವ್ಯೂಸ್ ಅಂತ ಇದೆ, ಅದನ್ನು ವೆನ್ ಅನ್‌ಲಾಕ್ಡ್‌ಗೆ ಹಾಕಿ. ಆಂಡ್ರಾಯ್ಡ್‌ನಲ್ಲಿ ನೋಟಿಫಿಕೇಷನ್ಸ್ ಒಳಗೆ ಲಾಕ್ ಸ್ಕ್ರೀನ್‌ನಲ್ಲಿ ಸೆನ್ಸಿಟಿವ್ ವಿಷಯ ತೋರಿಸಬೇಕಾ ಅಂತ ಕೇಳುವ ಬಟನ್ ಹುಡುಕಿ ಆಫ್ ಮಾಡಿ. ಫೋನ್ ಕಂಪನಿಯಿಂದ ಕಂಪನಿಗೆ ಅದು ಇರುವ ಜಾಗ ಸ್ವಲ್ಪ ಬೇರೆ ಇರುತ್ತದೆ.

ಕನ್ನಡದಲ್ಲಿ ಪತ್ರ ಕಳಿಸುವ ಸಂಘ, ಶಾಲೆ, ಅಂಗಡಿಯವರಿಗೆ ಒಂದು ಮಾತು. ಕಳಿಸುವ ಮೊದಲು ನಿಮಗೇ ಒಂದು ಪ್ರತಿ ಕಳಿಸಿಕೊಳ್ಳಿ, ಕಂಪ್ಯೂಟರ್‌ನಲ್ಲಲ್ಲ, ಎಲ್ಲಕ್ಕಿಂತ ಚಿಕ್ಕ ಪರದೆಯ ಫೋನ್‌ನಲ್ಲಿ ನೋಡಿ, ಅದೂ ತೆರೆಯದೆ. ಸಬ್ಜೆಕ್ಟ್ ಮತ್ತು ಆ ಸಾಲು ಎರಡನ್ನೇ ಓದಿ ಯಾವಾಗ, ಎಲ್ಲಿ, ಏನು ಅಂತ ಗೊತ್ತಾದರೆ ಕಳಿಸಿ. ಗೊತ್ತಾಗದಿದ್ದರೆ ಪ್ರಿವ್ಯೂ ಪೆಟ್ಟಿಗೆಗೆ ವಾಪಸ್ ಹೋಗಿ ಇನ್ನೊಮ್ಮೆ ಬರೆಯಿರಿ, ಎರಡು ನಿಮಿಷದ ಕೆಲಸ.